ಬ್ಯಾಟರಿಗೆ ಎತ್ತಿಟ್ಟ ಮಳೆನೀರು

ಮನೆಯ ಇನ್ವರ್ಟರ್ ಬ್ಯಾಟರಿಯ ಮುಚ್ಚಳ ತೆಗೆದಾಗಲೆಲ್ಲ ಆ ಹುಳಿ ವಾಸನೆಗೆ ಈಗಲೂ ನನಗೆ ಅಪ್ಪ ನೆನಪಾಗುತ್ತಾನೆ.

ನಾನು ಚಿಕ್ಕವಳಿದ್ದಾಗ ಸಿಂಧನೂರಿನ ಹತ್ತಿರ ಕಾಲುವೆ ಕೆಲಸ ನಡೆದಿತ್ತು. ತೂಬಿನ ಬುನಾದಿಗೆ ತೋಡಿದ ಗುಂಡಿಯಲ್ಲಿ ಜಿನುಗುವ ನೀರು ಎಳೆಯಲು ಪಂಪು, ಅದಕ್ಕೊಂದು ಜನರೇಟರ್. ಎರಡೂ ಅಪ್ಪನ ಸುಪರ್ದಿಯಲ್ಲಿದ್ದವು. ಜನರೇಟರ್ ಚಾಲೂ ಮಾಡುವ ಬ್ಯಾಟರಿಗೆ ಅವನು ಮಳೆನೀರನ್ನೇ ಹಾಕುತ್ತಿದ್ದ. ಬಿಳಿ ಅರಿವೆಯಲ್ಲಿ ಸೋಸಿ, ಗಾಜಿನ ಬಾಟಲಿಗೆ ತುಂಬಿ, ಮಂಚದ ಕೆಳಗೆ ಇಡುತ್ತಿದ್ದ. "ಬಾವಿ ನೀರು ಸವಳು, ಬ್ಯಾಟರಿ ಕೆಡ್ತದ. ಒಂದು ಹನಿನೂ ಬ್ಯಾಡ," ಅನ್ನುತ್ತಿದ್ದ.

ಒಮ್ಮೆ ಮಣ್ಣು ಹೊರುವ ಹೆಂಗಸೊಬ್ಬಳು ಕೂಸು ಎತ್ತಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದಳು. "ತಂಗೀ, ಕೂಸು ಸವಳು ನೀರು ಕುಡೀವಲ್ದು. ಸಿಹಿನೀರು ಇದ್ರ ಕೊಡವ್ವಾ." ಮನೆಯಲ್ಲಿ ಯಾರೂ ಇರಲಿಲ್ಲ. ಬಾಟಲಿಯ ನೀರೆಲ್ಲ ಅವಳ ಚೊಂಬಿಗೆ ಸುರಿದೆ. ಆಮೇಲೆ ಅಪ್ಪನ ಹೆದರಿಕೆಗೆ ಬಾವಿ ನೀರು ತುಂಬಿಟ್ಟೆ.

ಆ ನೀರು ಬಿದ್ದ ಬ್ಯಾಟರಿ ವಾರ ಕಳೆದಂತೆ ಸೋಲುತ್ತ ಬಂತು. ಗುಂಡಿಯಲ್ಲಿ ಹೊಸ ಗೋಡೆ ಕಟ್ಟಿದ ಮರುದಿನ ಮಧ್ಯಾಹ್ನ ಜನರೇಟರ್ ಚಾಲೂ ಆಗಲೇ ಇಲ್ಲ. ಅಪ್ಪ ಗಾಜಿನ ನಳಿಕೆಗೆ ಬ್ಯಾಟರಿಯ ಆಸಿಡ್ ಎಳೆದು ನೋಡಿದ. ಒಳಗೆ ತೇಲಬೇಕಾದ ಗಾಜಿನ ಬುರುಡೆ ತಳಕ್ಕೇ ಕೂತಿತು; ಆಸಿಡ್ ಸತ್ವ ಕಳೆದುಕೊಂಡಿತ್ತು. ಜನ ಬಕೀಟು, ಬುಟ್ಟಿ ಹಿಡಿದು ಇಳಿದರೂ ನೀರು ಏರುತ್ತಲೇ ಇತ್ತು. ಹಸಿ ಗೋಡೆ ಎಲ್ಲರ ಕಣ್ಣೆದುರೇ ಕುಸಿಯಿತು.

ಅಪ್ಪ ಮನೆಗೆ ಬಂದು ಬಾಟಲಿ ತೆಗೆದ. ಉಳಿದ ನೀರನ್ನು ಅಂಗೈಗೆ ಸುರಿದು ನಾಲಿಗೆಗೆ ಹಚ್ಚಿಕೊಂಡ. ನನ್ನ ಮುಖ ನೋಡಿದ. ಬಾಟಲಿ ನನ್ನ ಕೈಗೆ ಕೊಟ್ಟ.

ಹಿಂದೆಯೇ ಕಾಲುವೆ ಕೆಲಸದ ಓವರ್‌ಸಿಯರ್ ಸಾಹೇಬರು ಬಂದರು. "ಬ್ಯಾಟರಿಗೆ ಏನ್ ನೀರು ಹಾಕೀಲೇ?"

"ಬಾವೀದ್ರೀ. ಮಳಿನೀರು ತೀರಿತ್ತು," ಅಂದ ಅಪ್ಪ, ಬಾಗಿಲಿಗೆ ಅಡ್ಡ ನಿಂತು.

"ನಾಳಿಂದ ಬರಬ್ಯಾಡ."

"ಹೂಂ ರೀ."

ಅಪ್ಪನ ಬೆನ್ನ ಹಿಂದೆ ಬಾಟಲಿ ಹಿಡಿದು ನಿಂತಿದ್ದೆ.