ಸಿಸ್ಟರ್ ಊದಲಿಲ್ಲ

ಕಪಾಟಿನ ಸೀರೆಗಳ ನಡುವೆ ಡಾಂಬರು ಗುಳಿಗೆ ಇಡುವಾಗಲೆಲ್ಲ ನನಗೆ ಇಳಕಲ್ಲಿನ ನಮ್ಮ ಪಡಸಾಲೆ ನೆನಪಾಗುತ್ತದೆ.

ನಾನು ಎರಡನೇ ಇಯತ್ತೆಯಲ್ಲಿದ್ದಾಗ ಜ್ವರ ಬಂದು ಬಿಡಲೇ ಇಲ್ಲ. ಪಡಸಾಲೆಯಲ್ಲಿ ನನ್ನ ಹಾಸಿಗೆಯ ಪಕ್ಕ ರಾತ್ರಿಯೆಲ್ಲ ಕೂತು ಒದ್ದೆ ಬಟ್ಟೆ ಹಾಕುತ್ತಿದ್ದವಳು ಅಜ್ಜಿ. ನಾನು ಓದುತ್ತಿದ್ದ ಕಾನ್ವೆಂಟಿನಲ್ಲಿ ಏನೋ ಮಂತ್ರ ಹಾಕಿದ್ದಾರೆಂದು ಅಜ್ಜಿಗೆ ಗುಮಾನಿ. "ಜ್ವರಾ ಇಳೀಲಿ, ಆ ಸಾಲಿ ಬಿಡಸೂದ ಖರೆ" ಎಂದು ಅವ್ವನಿಗೆ ಹೇಳಿಬಿಟ್ಟಿದ್ದಳು.

ಅದೇ ಮಧ್ಯಾಹ್ನ ನಮ್ಮ ತರಗತಿಯ ಸಿಸ್ಟರ್ ನನ್ನನ್ನು ನೋಡಲು ಬಂದರು. ಅವರ ಬಿಳಿ ನಿಲುವಂಗಿಗೆ ಡಾಂಬರು ಗುಳಿಗೆಯದೇ ವಾಸನೆ. ನನ್ನ ಹಣೆಯ ಒದ್ದೆ ಬಟ್ಟೆ ಸರಿಸಿ, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದರು.

ಅವರ ಕೈಯಲ್ಲಿ ದಾರವೋ ಬೂದಿಯೋ ಇದೆಯೇ ಎಂದು ಅಜ್ಜಿ ಬಗ್ಗಿ ನೋಡಿದಳು. ನಮ್ಮ ಓಣಿಯಲ್ಲಿ ದೃಷ್ಟಿಯಾದ ಮಕ್ಕಳನ್ನು ಮಸೀದಿಯ ಬಾಗಿಲಿಗೆ ಒಯ್ದು, ಮುಲ್ಲಾನಿಂದ ದುವಾ ಓದಿಸಿ, ಮುಖಕ್ಕೆ ಊದಿಸಿಕೊಂಡು ಬರುತ್ತಿದ್ದರು.

"ಊದ್ಲೇ ಇಲ್ಲಲ್ರಿ ನೀವು?"

"ನಾವು ಊದೂದಿಲ್ರಿ ಅಮ್ಮಾ. ಬರೇ ಮಾತು."

"ಬರೇ ಮಾತಿಗೆ ಜ್ವರಾ ಬಿಡತೈತೇನು? ಜೋರ್ ಹೇಳ್ರಿ, ನಾನೂ ಕೇಳ್ತೇನಿ."

ಸಿಸ್ಟರ್ ಹಾಡಿನಂತೆ ಹೇಳಿದರು: "ಯೇಸುವೇ, ಈ ಕೂಸಿನ ಹಣೆಗೆ ನಿನ್ನ ಕೈಯಿರಲಿ. ನಿದ್ದೆಗೆಟ್ಟು ಕಾಯುವ ತಾಯಿಗೆ ನಿನ್ನ ನೆರಳಿರಲಿ."

"ನಿದ್ದಿಗೆಟ್ಟಾಕಿ ಅಂದ್ರ ಯಾರು?"

"ನೀವೇ ರೀ ಅಮ್ಮಾ."

"ನನ್ನ ಕೇಳದ ನನ್ನ ಅದ್ರಾಗ ಹಾಕೀರೇನು?"

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಜ್ವರಾ ಬಿಟ್ಟಮ್ಯಾಲೆ ಸಾಲಿಗೆ ಕಳಸ್ತೇನಿ. ಹಾಕಿದ್ದು ಹಾಕೀರಿ, ಇನ್ನ ನನ್ನ ಅದ್ರಾಗಿಂದ ತಗೀಬ್ಯಾಡ್ರಿ."