ಒಂಬತ್ತನೇ ನಂಬರ್

“ಏನೇ ಇದು, ತಗಡು ಬಡಿದ ಹಾಗೆ ಕೇಳ್ತಿದೆ?”

ಖಾಲಿ ಸಭಾಂಗಣದ ಕೊನೆಯ ಸಾಲಿನಿಂದ ಗಂಡ ಕೂಗಿದ್ದು ವೇದಿಕೆಯ ಮೇಲಿದ್ದ ಅವಳಿಗೆ ಚೆನ್ನಾಗಿಯೇ ಕೇಳಿಸಿತು. ಸಂಜೆ ಆರಕ್ಕೆ ಕಾರ್ಯಕ್ರಮ. ಈಗ ಮೂರು ಗಂಟೆ, ಸೌಂಡ್ ಚೆಕ್ ನಡೆಯುತ್ತಿತ್ತು. ಹದಿನೆಂಟು ವರ್ಷ ಈ ತಂಡದಲ್ಲಿ ಗಿಟಾರ್ ನುಡಿಸಿದವನು ಗಂಡನೇ. ಹೋದ ತಿಂಗಳು ಭುಜದ ಆಪರೇಷನ್ ಆಗಿ ಅವನ ಬಲಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ನೇತಾಡುತ್ತಿದ್ದುದರಿಂದ ಇವತ್ತು ಗಿಟಾರ್ ಅವಳ ಹೆಗಲಿಗೆ ಬಂದಿತ್ತು. ಡಾಕ್ಟರು ಕೈಗೆ ಪಟ್ಟಿ ಕಟ್ಟಿದ್ದರೇ ಹೊರತು ಬಾಯಿಗೆ ಕಟ್ಟಿರಲಿಲ್ಲ.

ಅವಳ ಕಾಲ ಬಳಿ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದಿತ್ತು. ಆ್ಯಂಪ್ ಮಾಡೆಲರ್ ಅನ್ನುತ್ತಾರೆ. ಗಿಟಾರಿನ ಸದ್ದು ಹಿಗ್ಗಿಸುವ ಹತ್ತಾರು ದೊಡ್ಡ ಆ್ಯಂಪ್‌ಗಳ ದನಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಪೆಟ್ಟಿಗೆ. ಅದರ ಒಂದನೇ ನಂಬರಿನಲ್ಲಿ ಗಂಡನ ಟೋನ್ ಇತ್ತು, ದಪ್ಪಗೆ, ಬಾವಿಯೊಳಗಿಂದ ಬಂದ ಹಾಗೆ ಗುಂಯ್‌ಗುಡುವಂಥದು. ಒಂಬತ್ತನೇ ನಂಬರಿನಲ್ಲಿದ್ದದ್ದು ಅವಳದು.

“ಒಂದನೇ ನಂಬರ್ ಹಾಕೇ. ಜನಕ್ಕೆ ಅಭ್ಯಾಸ ಆಗಿರೋದು ಅದೇ.”

“ಅದು ನಿಮ್ಮದು ರೀ. ನುಡಿಸೋಳು ನಾನು.”

“ನಿನ್ನದು ಒಣಗಿ ಹಪ್ಪಳ ಆಗಿದೆ. ಬೇಸ್ ಏರಿಸು, ಒಂದಿಷ್ಟು ರಿವರ್ಬ್ ಸುರಿ, ಮಾರ್ದನಿ ಗುಂಯ್ ಅನ್ನಲಿ. ತಪ್ಪು ಗಿಪ್ಪು ಆದ್ರೂ ಮುಚ್ಚಿಹೋಗುತ್ತೆ.”

ಆ ಕೊನೆಯ ಮಾತಿಗೆ ಅವಳ ಮೈ ಉರಿಯಿತು. ಮೊದಮೊದಲು ಅವಳೂ ಹಾಗೇ ಮಾಡಿದ್ದಳು. ಹೆಡ್‌ಫೋನಿನಲ್ಲಿ ಒಂಟಿಯಾಗಿ ಕೇಳಿದಾಗ ಆ ದಪ್ಪ ದನಿ ಅರಮನೆಯಂತಿತ್ತು. ಆದರೆ ತಂಡದ ಜೊತೆ ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಅವಳು ಎಲ್ಲಿಯೂ ಇರಲಿಲ್ಲ. ಬೇಸ್ ಗಿಟಾರೂ ಕೀಬೋರ್ಡೂ ಸೇರಿ ಅವಳನ್ನು ನುಂಗಿ ನೀರು ಕುಡಿದಿದ್ದವು. ಅಂದಿನಿಂದ ದಿನಾ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು ಪೆಟ್ಟಿಗೆಯ ಮುಂದೆ ಕೂತಳು. ದನಿ ಒರಟಾಗದಂತೆ ಗೇನ್ ಇಳಿಸಿದಳು. ದಪ್ಪ ದನಿಯ ಬೇಸ್ ಅರ್ಧಕ್ಕರ್ಧ ತೆಗೆದು ನಡುದನಿಯ ಮಿಡ್ ಏರಿಸಿದಳು. ಮೀಟು ಗಟ್ಟಿಯಾಗಿ ಕೂರಲೆಂದು ಕಂಪ್ರೆಸರ್ ಚಿಟಿಕೆಯಷ್ಟು ಸೇರಿಸಿದಳು. ರಿವರ್ಬನ್ನಂತೂ ಆಫ್ ಮಾಡಿಯೇಬಿಟ್ಟಳು. ಉಳಿದದ್ದು ತಂತಿಗೆ ಬಿದ್ದ ಏಟು, ಅಷ್ಟೇ.

“ಒಂಟಿಯಾಗಿ ಕೇಳಿದ್ರೆ ಹೀಗೇ ಇರುತ್ತೆ. ಎಲ್ಲರ ಜೊತೆ ಕೇಳಿ, ಆಮೇಲೆ ಹೇಳಿ.”

“ಕುಣಿಯೋಕೆ ಬಾರದವಳಿಗೆ ನೆಲ ಡೊಂಕಂತೆ!” ಗಂಡ ಎಡಗೈಯಲ್ಲಿ ಫೋನ್ ಎತ್ತಿ ತೋರಿಸಿದ. “ನನ್ನ ಶಿಷ್ಯ ಅರ್ಧ ಗಂಟೇಲಿ ಇಲ್ಲಿರ್ತಾನೆ. ಒಂದನೇ ನಂಬರ್ ಹಾಕ್ತೀಯೋ, ಅವನನ್ನ ಕರೀಲೋ?”

ವೇದಿಕೆಯ ಮೇಲಿದ್ದ ತಂಡದವರು ತಂತಮ್ಮ ವಾದ್ಯ ಸರಿಮಾಡತೊಡಗಿದರು. ಹದಿನೆಂಟು ವರ್ಷ ಅವನ ಕೇಬಲ್ ಸುತ್ತಿಟ್ಟವಳು, ತಂತಿ ಬದಲಾಯಿಸಿದವಳು, ಅವನು ಮರೆತ ರಾಗವನ್ನು ಅಡುಗೆಮನೆಯಿಂದಲೇ ಹಾಡಿ ನೆನಪಿಸಿದವಳು ಅವಳು. ಈ ಒಂದು ಸಂಜೆ ಅವಳಿಗೆ ಬೇಕಿತ್ತು. ಅವನ ದನಿಯಲ್ಲಾದರೆ ಬೇಡವಾಗಿತ್ತು.

“ಅಂಗಡಿಗೆ ಬರೋರೂ ಹೊಸ ಕನ್ನಡಕ ಹಾಕ್ಕೊಂಡ ದಿನ ಕಣ್ಣು ಚುಚ್ಚುತ್ತೆ ಅಂತಾರೆ,” ಎಂದಳು. “ಹಾಗಂತ ನಾನೇನು ಹಳೇ ಗಾಜು ಹಾಕಿ ಕೊಡಲ್ಲ. ಕರೀರಿ ನಿಮ್ಮ ಶಿಷ್ಯನನ್ನ. ಅವನು ಬರೋದ್ರೊಳಗೆ ಒಂದು ಹಾಡು ಮುಗಿಯುತ್ತೆ.” ಡ್ರಮ್ಮಿನವನ ಕಡೆ ತಿರುಗಿ, “ಶುರು ಮಾಡಪ್ಪ,” ಎಂದಳು.

ನಾಲ್ಕು ಏಟಿನ ಲೆಕ್ಕ ಮುಗಿದು ಡ್ರಮ್, ಬೇಸ್, ಕೀಬೋರ್ಡ್ ಒಟ್ಟಿಗೆ ಎದ್ದವು. ಅವುಗಳ ನಡುವಿನಿಂದ ಅವಳ ಗಿಟಾರ್ ಬಂತು. ಆಗಿನ ತಗಡು ಎಲ್ಲಿ ಹೋಯಿತೋ, ಒಂದೊಂದು ಮೀಟೂ ಮೊಳೆ ಹೊಡೆದಂತೆ ಬಿಡಿಬಿಡಿಯಾಗಿ ಹೊರಟು ಹಿಂದಿನ ಗೋಡೆಯವರೆಗೆ ಹೋಯಿತು. ಎರಡನೇ ಚರಣದಲ್ಲಿ ಅವಳ ಬೆರಳು ಒಮ್ಮೆ ಜಾರಿತು. ಅದೂ ಅಷ್ಟೇ ಸ್ಪಷ್ಟವಾಗಿ ಕೇಳಿಸಿತು. ಕೇಳಲಿ, ಎಂದುಕೊಂಡು ಮುಂದಿನ ಮೀಟನ್ನು ಇನ್ನೂ ಜೋರಾಗಿ ಕೊಟ್ಟಳು.

ಹಾಡು ಮುಗಿಯುವಷ್ಟರಲ್ಲಿ ಗಂಡ ಮಿಕ್ಸರ್ ಮೇಜಿನ ಬಳಿ ಬಂದು ನಿಂತಿದ್ದ. ಫೋನ್ ಇನ್ನೂ ಕೈಯಲ್ಲೇ ಇತ್ತು.

“ಅವಳದನ್ನ ಯಾಕಯ್ಯ ಅಷ್ಟು ಏರಿಸಿದ್ದೀಯ? ಬೇರೆ ಯಾರೂ ಇಲ್ಲವೇನೋ ಅನ್ನೋ ಹಾಗೆ! ಇಳಿಸು, ಇಳಿಸು.”

ಮಿಕ್ಸರಿನವನು ಹಳಬ, ಇಷ್ಟು ವರ್ಷವೂ ಇವನ ಗಿಟಾರು ಕೇಳಿಸುವಂತೆ ಮಾಡಲು ಹೆಣಗಾಡಿದವನು. ಅವನ ಮುಂದಿದ್ದ ಮೈಕ್ ಆನ್ ಆಗಿಯೇ ಇದ್ದುದರಿಂದ ಅವನ ಉತ್ತರ ಸಭಾಂಗಣದ ಎಲ್ಲ ಸ್ಪೀಕರುಗಳಲ್ಲೂ ಬಂತು.

“ಇನ್ನೆಲ್ಲಿಗೆ ಇಳಿಸ್ಲಿ ಅಣ್ಣ? ನಿಮ್ಮದಾಗಿದ್ರೆ ಈ ವಾಲ್ಯೂಮ್ ಗುಂಡಿ ಇಷ್ಟೊತ್ತಿಗೆ ಮೇಲಿನ ತುದೀಲಿರ್ತಿತ್ತು. ಅಕ್ಕಂದು ನೋಡಿ, ಎಲ್ಲರಿಗಿಂತ ಕೆಳಗಿದೆ.”

ಗಂಡ ಬಗ್ಗಿ ನೋಡಿದ. ಫೋನನ್ನು ಜೇಬಿಗಿಳಿಸಿದ.

ಅವಳು ಮೈಕಿನ ಹತ್ತಿರ ಬಂದಳು.

“ಹಾಗಿದ್ರೆ ಒಂಚೂರು ಏರಿಸಪ್ಪ.”