ಯಜಮಾನರಿಗೊಂದು ಡ್ರೋನ್

"ಸಿಹಿ ತಿಂದರೆ ನಿಮ್ಮ ಕಣ್ಣೆದುರಿಗೇ ತಿಂತೀನಿ. ಕದ್ದು ಮಾತ್ರ ತಿನ್ನಲ್ಲ."

ತಮ್ಮ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡ ವರ್ಷ, ದೇವರ ದೀಪದ ಮುಂದೆ ನಿಂತು ರಮಾಮಣಿ ಗಂಡನಿಗೆ ಕೊಟ್ಟ ಮಾತು ಇದು. ಕದ್ದು ತಿನ್ನಲಿಲ್ಲ. ಕಣ್ಣೆದುರಿಗೆ ತಿನ್ನುವ ಧೈರ್ಯವೂ ಬರಲಿಲ್ಲ. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವನು ಹತ್ತಿರ ಬಂದರೆ ಸಾಕು, ವೆಂಕಟಸುಬ್ಬಯ್ಯನವರ ಹುಬ್ಬು ಮೇಲೇರುತ್ತಿತ್ತು. ಈಕೆಯ ಕೈ ತಾನಾಗಿ ಎಲೆಗೆ ಅಡ್ಡ ಬರುತ್ತಿತ್ತು. ಈಗಂತೂ ಅವರು ಮುಂಬಯಿಯ ಫೋರ್ಟಿನ ಬ್ಯಾಂಕಿನಿಂದ ನಿವೃತ್ತರಾಗಿ ದಿನವಿಡೀ ದಹಿಸರಿನ ಮನೆಯಲ್ಲೇ. ಬಾಲ್ಕನಿಯಲ್ಲಿ ಕೂತಿದ್ದರೂ ಅಡುಗೆಮನೆಯ ಡಬ್ಬಿಯ ಮುಚ್ಚಳ ಬಿಚ್ಚಿದ್ದು ಕೇಳುವ ಕಿವಿ.

ಇಂಥವರಿಗೆ ಒಂದು ಹವ್ಯಾಸ ಬೇಕು ಎಂದು ರಮಾಮಣಿಗೆ ಅನ್ನಿಸಿತು. ಹುಡುಗನಾಗಿದ್ದಾಗ ಪೈಲಟ್ ಆಗಬೇಕೆಂದಿದ್ದವರು ಅವರು. ಹುಟ್ಟುಹಬ್ಬವೂ ಹತ್ತಿರ ಬಂದಿತ್ತು. ಲೋಕಲ್ ಹಿಡಿದು ಗೋರೆಗಾಂವಿನ ಡ್ರೋನ್ ಅಂಗಡಿಗೆ ಒಬ್ಬರೇ ಹೋದರು.

ಅಂಗಡಿಯ ತೌಸಿಫ್ ವಿಜಯಪುರದ ಕಡೆಯವನು. ಈಕೆಯ ಹಿಂದಿ ಎರಡು ವಾಕ್ಯ ಕೇಳಿ ಕನ್ನಡಕ್ಕಿಳಿದ.

"ಮಮ್ಮಗಗ ಏನ್ರಿ ಅಮ್ಮಾರ?"

"ಇಲ್ಲಪ್ಪ, ನಮ್ಮ ಯಜಮಾನರಿಗೆ. ಹೊಸದಾಗಿ ಕಲೀಬೇಕು."

ಅವನು ಅಂಗೈ ಮೇಲೆ ಕೂರುವಂಥದೊಂದನ್ನು ತೆಗೆದಿಟ್ಟ. "ಹೊಸಬ್ರಿಗೆ ಇದು ಬೆಸ್ಟ್ ನೋಡ್ರಿ. ಪಂಖಾದ ಸುತ್ತ ಬಳಿ ಹಂಗ ಕಟ್ಟು ಐತಿ. ಗ್ವಾಡಿಗೆ ಬಡಿದ್ರೂ ಏನೂ ಆಗಂಗಿಲ್ಲ. ಆವಾಜೂ ಕಮ್ಮಿ."

"ಶಬ್ದ ಜಾಸ್ತಿ ಮಾಡೋದು ಇಲ್ವಾ?"

ತೌಸಿಫ್ ಕಣ್ಣು ಪಿಳುಕಿಸಿದ. ಅಂಥದ್ದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಅವರಿಗೆ ಕಿವಿ ಸ್ವಲ್ಪ ಮಂದ," ಎಂದರು ರಮಾಮಣಿ, ಮುಖ ನೋಡದೆ.

ಇನ್ನೊಂದು ಬಂತು. ಸ್ವಿಚ್ ಒತ್ತಿದರೆ ಅಂಗಡಿ ತುಂಬ ಜೇನುಹುಳು ಎದ್ದಂತಾಯಿತು. ರಮಾಮಣಿಯ ಮುಖ ಅರಳಿತು.

"ನೋಡಾಕ ಮೊಬೈಲ್ ಸಾಕ್ರಿ. ಇಲ್ಲಾಂದ್ರ ಈ ಗಾಗಲ್ ಐತಿ. ಡ್ರೋನಿನ ಕ್ಯಾಮೆರಾಕ್ಕ ಏನ್ ಕಾಣ್ತೈತಿ, ಸಾಹೇಬ್ರಿಗೂ ಅದ ಕಾಣ್ತೈತಿ. ಅದರೊಳಗ ಕೂತು ಹಾರಿದಂಗ."

"ಮತ್ತೆ ಅವರ ಎದುರಿಗೆ ಇರೋದು?"

"ಅದೇನೂ ಕಾಣಂಗಿಲ್ರಿ. ಕಗ್ಗತ್ತಲಿ."

"ಪಾಪ," ಎಂದ ರಮಾಮಣಿ ಗಾಗಲನ್ನು ತಾವೇ ಕಣ್ಣಿಗೆ ಕಟ್ಟಿಕೊಂಡು ಅತ್ತಿತ್ತ ತಿರುಗಿದರು. "ಮೂಗಿನ ಹತ್ತಿರ ಬೆಳಕು ಬರ್ತಿದೆಯಲ್ಲ. ಸಂದಿ ಇಲ್ಲದ್ದು ಕೊಡು. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?"

"ನಾಕ ನಿಮಿಷ ಅಷ್ಟ ರೀ."

ರಮಾಮಣಿ ಮನಸ್ಸಿನಲ್ಲೇ ಏನೋ ಅಳೆದು ನೋಡಿದರು. "ಸಾಕು. ಇನ್ನೆರಡು ಜಾಸ್ತಿ ಹಾಕು."

"ಟೆರೇಸಿನ ಮ್ಯಾಲೆ ಹಾರಸ್ತಾರೇನ್ರಿ?"

"ಬೇಡ ಬೇಡ. ಹಾಲ್‌ನಲ್ಲೇ. ನನ್ನ ಎದುರಿಗೇ ಕೂತಿರಬೇಕು."

"ಏನ್ ಪ್ರೀತಿ ರೀ ಅಮ್ಮಾರ!" ತೌಸಿಫ್ ಕರಗಿಹೋದ. ಪುಟ್ಟ ಪಂಖಾಗಳ ಒಂದು ಜೊತೆಯನ್ನು ಪುಕ್ಕಟೆ ಹಾಕಿಕೊಟ್ಟ.

ಮನೆಯಲ್ಲಿ ಡ್ರೋನ್ ಮೊದಲು ಪರದೆಗೆ ಸಿಕ್ಕಿಕೊಂಡಿತು. ಆಮೇಲೆ ಕುಕ್ಕರಿಗೆ ಹೊಡೆಯಿತು. ಹಾಗೂ ಹೀಗೂ ವೆಂಕಟಸುಬ್ಬಯ್ಯನವರ ಕೈ ಕುದುರಿತು. ಊಟ, ಪತ್ರಿಕೆ, ಹುಬ್ಬು ಎಲ್ಲ ಮರೆತರು.

"ರೀ, ಇವತ್ತು ಬೆಡ್‌ರೂಮಿನ ಅಟ್ಟ ನೋಡ್ಕೊಂಡು ಬನ್ನಿ. ಜೇಡರಬಲೆ ಎಷ್ಟಿದೆಯೋ."

"ಟೇಕಾಫ್!" ಎಂದರು ಅವರು, ಸೋಫಾದ ಮೇಲೆ ಗಾಗಲ್ ಬಿಗಿದು ಕೂತು. ಡ್ರೋನ್ ಗುಂಯ್ ಎನ್ನುತ್ತ ಬೆಡ್‌ರೂಮಿನ ಕಡೆ ಹೋಯಿತು.

ರಮಾಮಣಿ ಬೆತ್ತದ ಮೋಡಾ ಎಳೆದು ಗಂಡನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಸೆರಗಿನೊಳಗಿನಿಂದ ಡಬ್ಬಿ ಹೊರಬಂತು. ಕೆಳಗಿನ ಮನೆಯ ಗಂಗುಬಾಯಿ ಕೊಟ್ಟ ಚಿರೋಟಿ, ಮೇಲೆ ಸಕ್ಕರೆ ಪುಡಿ. ಕದಿಯುತ್ತಿಲ್ಲ, ಮುಚ್ಚಿಡುತ್ತಿಲ್ಲ, ಎದುರಿಗೇ ಕೂತಿದ್ದೇನೆ. ಕಾಣದಿದ್ದರೆ ಅದು ಅವರ ಹಣೆಬರಹ. ಇದಕ್ಕಾಗಿಯೇ ಅಲ್ಲವೇ ಸಂದಿಯಿಲ್ಲದ ಗಾಗಲ್, ಇದಕ್ಕಾಗಿಯೇ ಅಲ್ಲವೇ ಆ ಜೇನುಹುಳು! ಕಚ್ಚಿದರು. ಪದರಗಳು ಚರಚರ ಮುರಿದವು. ಮುರಿದ ಸದ್ದೆಲ್ಲ ಗುಂಯ್‌ನಲ್ಲಿ ಮುಳುಗಿತು. ರಮಾಮಣಿ ಕಣ್ಣು ಮುಚ್ಚಿದರು. ಇಷ್ಟು ವರ್ಷ ಲೋಕದಲ್ಲಿ ಚಿರೋಟಿಯಿತ್ತು, ತಾವಿದ್ದರು. ನಡುವೆ ಒಂದು ಹುಬ್ಬು.

"ರಮಾ," ಎಂದರು ವೆಂಕಟಸುಬ್ಬಯ್ಯ. ಗಾಗಲ್ ಬಿಚ್ಚಿರಲಿಲ್ಲ.

"ಹ್ಞೂಂ?" ಬಾಯಿ ತುಂಬಿತ್ತು.

"ಎಡಗೆನ್ನೆ ಒರೆಸ್ಕೊಳ್ಳೇ. ಸಕ್ಕರೆ ಮೆತ್ತಿದೆ."

ಕಣ್ಣು ಬಿಟ್ಟರು. ಭುಜದ ಪಕ್ಕದಲ್ಲೇ, ಗೇಣುದ್ದ ದೂರದಲ್ಲಿ, ಡ್ರೋನ್ ಅಲುಗಾಡದೆ ನಿಂತು ಅವರನ್ನೇ ನೋಡುತ್ತಿತ್ತು.

ರಮಾಮಣಿ ಸಿಹಿ ತಿಂದದ್ದು ಗಂಡನ ಕಣ್ಣೆದುರಿಗೇ. ಕೊಟ್ಟ ಮಾತು ಉಳಿಯಿತು.